ಎಣಿಕೆ ಬಲ್ಲ ಜೀವವಿಜ್ಞಾನಿ

ಕನ್ನಡದಲ್ಲಿ 'ಎಣಿಸು' ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಲೆಕ್ಕ ಮಾಡುವುದೂ ಎಣಿಸುವುದೇ, ಆಲೋಚಿಸುವುದೂ ಎಣಿಸುವುದೇ. 'ನಾನು ಹಾಗೆ ಎಣಿಸಿರಲಿಲ್ಲ' ಎಂದು ಕರಾವಳಿಯವರೊಬ್ಬರು ಹೇಳಿದರೆ, ಅವರು ಬೆರಳು ಮಡಿಸಿ ಲೆಕ್ಕ ಹಿಡಿದಿರಲಿಲ್ಲವೆಂದು ಯಾರೂ ತಿಳಿಯುವುದಿಲ್ಲ. ಹೀಗೆ ಒಂದೇ ಮಾತಿನಲ್ಲಿ ಒಟ್ಟಿಗೆ ಬಾಳಿಕೊಂಡು ಬಂದ ಎರಡು ಕೆಲಸಗಳನ್ನು ನಮ್ಮ ವಿದ್ಯಾಲಯಗಳು ಬೇರೆ ಬೇರೆ ಕಟ್ಟಡಗಳಲ್ಲಿ ಇರಿಸಿವೆ. ಅವನ್ನು ಮತ್ತೆ ಒಂದುಗೂಡಿಸಲು ಹೊರಟಿರುವ ಶಾಸ್ತ್ರಕ್ಕೆ ಪರಿಮಾಣಾತ್ಮಕ ಜೀವವಿಜ್ಞಾನವೆಂದು ಹೆಸರು. ಹೆಸರು ತೀರ ಹೊಸದಲ್ಲ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯವು ೧೯೩೩ರಲ್ಲಿಯೇ ಈ ಹೆಸರಿನ ವಿದ್ವದ್ಗೋಷ್ಠಿಗಳನ್ನು ಆರಂಭಿಸಿತು. ಈ ಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೂ ಸಂಶೋಧನೆಗೂ ಬರುವ ತರುಣ ತರುಣಿಯರನ್ನು ಮುಂದಿನ ಬದುಕಿಗೆ ಅಣಿಗೊಳಿಸುವುದು ಹೇಗೆ ಎಂಬುದು ನಾನು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ. ಅವರಲ್ಲಿ ಕೆಲವರು ಸಂಶೋಧನಾಲಯಗಳಲ್ಲಿ ಉಳಿಯುವರು. ಹಲವರು ಔಷಧ ತಯಾರಿಕೆ, ಆಸ್ಪತ್ರೆ, ಬೀಜೋತ್ಪಾದನೆ ಮುಂತಾದ ಕಡೆ ಹೋಗುವರು. ಎರಡು ದಾರಿಗೆ ಎರಡು ಬಗೆಯ ಶಿಕ್ಷಣ ಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ನನ್ನ ಅಭಿಪ್ರಾಯ ಬೇರೆ. ಬೇಕಾದುದು ಒಂದೇ ಶಿಕ್ಷಣ. ಆದರೆ ಈಗ ನಾವು ಸಾಮಾನ್ಯವಾಗಿ ಕೊಡುತ್ತಿರುವುದು ಅದಲ್ಲ.

ನಮ್ಮ ವಿದ್ಯಾರ್ಥಿಗಳು ಎಲ್ಲಿಂದ ಬರುತ್ತಾರೆಂಬುದನ್ನು ಮೊದಲು ನೋಡೋಣ. ಪಿ.ಯು.ಸಿ.ಯಲ್ಲಿ ಗಣಿತವನ್ನೂ ಜೀವಶಾಸ್ತ್ರವನ್ನೂ ಜೊತೆಯಾಗಿ ಓದಿದವರೂ ಬಿ.ಎಸ್‌ಸಿ.ಯ ಹೊಸ್ತಿಲಲ್ಲಿ ಒಂದರ ಕೈಬಿಡಬೇಕಾಗುತ್ತದೆ. ನಮ್ಮ ಕಾಲೇಜುಗಳ ಬಹುಕಾಲದ ಪದ್ಧತಿಯಲ್ಲಿ ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳದು ಒಂದು ಗುಂಪು. ಭೌತ, ರಸಾಯನ, ಗಣಿತಗಳದು ಇನ್ನೊಂದು. 'ಸಿ.ಬಿ.ಝಡ್.' ಹಿಡಿದ ಹುಡುಗಿ ಹದಿನೆಂಟನೆಯ ವಯಸ್ಸಿಗೆ ಗಣಿತಕ್ಕೆ ದೂರದಿಂದಲೇ ನಮಸ್ಕಾರ ಹೇಳುತ್ತಾಳೆ. 'ಪಿ.ಸಿ.ಎಂ.' ಹಿಡಿದ ಹುಡುಗನಿಗೆ ಜೀವಕೋಶವೆಂದರೆ ಕರಿಹಲಗೆಯ ಮೇಲೆ ಬರೆದ ಒಂದು ವೃತ್ತ. ಅದು ಬೆಳೆಯುವುದನ್ನಾಗಲಿ ಕೊಳೆಯುವುದನ್ನಾಗಲಿ ಅವನು ಕಣ್ಣಾರೆ ಕಂಡಿಲ್ಲ. ನಾಲ್ಕೈದು ವರ್ಷಗಳ ಮೇಲೆ ಇವರಿಬ್ಬರೂ ಒಂದೇ ಸಂಶೋಧನ ವಿಭಾಗಕ್ಕೆ ಬಂದು ಪಕ್ಕಪಕ್ಕದ ಮೇಜುಗಳಲ್ಲಿ ಕೂರುತ್ತಾರೆ. ಒಬ್ಬರಿಗೆ ಸಮೀಕರಣ ಕಂಡರೆ ಅಳುಕು; ಇನ್ನೊಬ್ಬರಿಗೆ ಜೀವಿಯ ಹಟಮಾರಿತನ ಕಂಡರೆ ಬೇಸರ.

ಇದಕ್ಕೆ ವಿಭಾಗಗಳು ಸಾಮಾನ್ಯವಾಗಿ ಮಾಡುವ ಚಿಕಿತ್ಸೆ ಸುಲಭವಾದದ್ದು. ಸಂಖ್ಯಾಶಾಸ್ತ್ರದ ಒಂದು ಪತ್ರಿಕೆ, ಕಂಪ್ಯೂಟರ್ ಭಾಷೆಯ ಒಂದು ತರಗತಿ. ಅಲ್ಲಿಗೆ ಕರ್ತವ್ಯ ಮುಗಿಯಿತು. ವಿದ್ಯಾರ್ಥಿನಿ ಪ್ರಯೋಗವನ್ನೆಲ್ಲ ಮುಗಿಸಿ, ಅಂಕಿಗಳನ್ನು ಕಂಪ್ಯೂಟರಿಗೆ ಸುರಿದು, ಅದು ಕೊಟ್ಟ ಉತ್ತರವನ್ನು ಪ್ರಬಂಧಕ್ಕೆ ಇಳಿಸುತ್ತಾಳೆ. ಮದುವೆಯೆಲ್ಲ ಮುಗಿದು ಚಪ್ಪರ ಬಿಚ್ಚುವ ಹೊತ್ತಿಗೆ ಖರ್ಚು ಕೂಡಲು ಬಂದ ಗುಮಾಸ್ತನಂತೆ ಗಣಿತ ಅಲ್ಲಿಗೆ ಬರುತ್ತದೆ. ಪ್ರಶ್ನೆಯನ್ನು ರೂಪಿಸುವಾಗ ಅದಕ್ಕೆ ಕರೆಯಿರಲಿಲ್ಲ.

ಪ್ರಶ್ನೆಯ ಹೊತ್ತಿಗೇ ಗಣಿತ ಬಂದರೆ ಏನಾಗುತ್ತದೆಂಬುದಕ್ಕೆ ಒಂದು ಹಳೆಯ ನಿದರ್ಶನವುಂಟು. ಬ್ಯಾಕ್ಟೀರಿಯಗಳನ್ನು ಕೊಲ್ಲುವ ವೈರಸ್ಸನ್ನು ಅವುಗಳ ಮೇಲೆ ಬಿಟ್ಟರೆ ಬಹುಪಾಲು ಸಾಯುತ್ತವೆ. ಎಲ್ಲೋ ಕೆಲವು ಉಳಿಯುತ್ತವೆ. ಉಳಿದವುಗಳಿಗೆ ಆ ಶಕ್ತಿ ವೈರಸ್ಸಿನ ಸೋಂಕಿನಿಂದ ಆಗ ಹುಟ್ಟಿತೆ, ಅಥವಾ ಅದಕ್ಕೆ ಮೊದಲೇ ತಾನಾಗಿ ಹುಟ್ಟಿತ್ತೆ? ಸೂಕ್ಷ್ಮದರ್ಶಕದಲ್ಲಿ ಎಷ್ಟು ನೋಡಿದರೂ ಇದು ತಿಳಿಯದು. ೧೯೪೩ರಲ್ಲಿ ಸಾಲ್ವಡಾರ್ ಲೂರಿಯಾ ಎಂಬ ಜೀವವಿಜ್ಞಾನಿಯೂ ಭೌತವಿಜ್ಞಾನದಿಂದ ಬಂದ ಮ್ಯಾಕ್ಸ್ ಡೆಲ್‌ಬ್ರುಕ್ ಅವರೂ ಕೂಡಿ ಉತ್ತರ ಕಂಡರು. ಶಕ್ತಿ ಸೋಂಕಿನಿಂದ ಹುಟ್ಟುವುದಾದರೆ, ಬೇರೆ ಬೇರೆ ನಳಿಕೆಗಳಲ್ಲಿ ಬೆಳೆಸಿದ ಬ್ಯಾಕ್ಟೀರಿಯಗಳಲ್ಲಿ ಉಳಿದವುಗಳ ಸಂಖ್ಯೆ ಹೆಚ್ಚು ಕಡಿಮೆ ಒಂದೇ ಆಗಿರಬೇಕು. ಮೊದಲೇ ಹುಟ್ಟುವುದಾದರೆ, ಯಾವ ನಳಿಕೆಯಲ್ಲಿ ಅದು ಬೇಗ ಹುಟ್ಟಿತೋ ಅಲ್ಲಿ ಅದರ ಸಂತಾನ ಬಹಳ, ಮಿಕ್ಕವುಗಳಲ್ಲಿ ಸೊನ್ನೆಯೋ ಒಂದೆರಡೋ. ಎಣಿಸಿ ನೋಡಿದಾಗ ಸಂಖ್ಯೆಗಳು ಅಡ್ಡಾದಿಡ್ಡಿಯಾಗಿ ಏರಿಳಿದವು. ಆ ಏರಿಳಿತವೇ ಉತ್ತರವಾಯಿತು. ಬೇರೆಯವರು ಪ್ರಯೋಗದ ದೋಷವೆಂದು ಅಳಿಸಿಹಾಕಬಹುದಾಗಿದ್ದ ಸಂಗತಿಯಲ್ಲಿ ಅವರು ಪ್ರಕೃತಿಯ ನಡತೆಯನ್ನು ಓದಿದರು. ನಾನು ಶಿಕ್ಷಣವೆಂದು ಕರೆಯುವುದು ಇದನ್ನು.

ಇಂಥದು ಹೊರದೇಶಕ್ಕೆ ಮೀಸಲಾದ ವಿದ್ಯೆಯೂ ಅಲ್ಲ. ಹೂವಿನಹಡಗಲಿಯಲ್ಲಿ ೧೯೨೦ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರನ್ನು ಜಗತ್ತು ಸಂಖ್ಯಾಶಾಸ್ತ್ರಜ್ಞರೆಂದು ಬಲ್ಲದು. ೧೯೪೬ರಲ್ಲಿ ಅವರು ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಯಿಂದ ಕೇಂಬ್ರಿಜ್ಜಿಗೆ ಹೋದದ್ದು ಸೂತ್ರ ಬರೆಯಲೆಂದಲ್ಲ. ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪುರಾತನ ಮನುಷ್ಯರ ಅಸ್ಥಿಗಳ ಅಳತೆಗಳನ್ನು ವಿವೇಚಿಸಲೆಂದು. ಆ ಜನ ಯಾವ ಜನಸಮೂಹಕ್ಕೆ ಹತ್ತಿರದವರೆಂಬ ಪ್ರಶ್ನೆಯನ್ನು ಮಹಲನೋಬಿಸರು ರೂಪಿಸಿದ್ದ 'ದೂರ'ದ ಅಳತೆಯಿಂದ ಪರಿಶೀಲಿಸಿದರು. ೧೯೪೮ರಲ್ಲಿ ಅವರು ಪಡೆದ ಡಾಕ್ಟರೇಟಿನ ವಿಷಯವೂ ಜೀವಿಗಳ ವರ್ಗೀಕರಣದಲ್ಲಿ ಬರುವ ಸಂಖ್ಯಾಶಾಸ್ತ್ರದ ಸಮಸ್ಯೆಗಳೇ. ಗಣಿತಜ್ಞನು ಮೂಳೆಯ ಧೂಳಿನವರೆಗೂ ಹೋದರೆ ಗಣಿತಕ್ಕೇನೂ ನಷ್ಟವಿಲ್ಲ.

ಇನ್ನು ಉದ್ಯಮದ ವಿಚಾರ. ಕಾರ್ಖಾನೆಯ ಕೆಲಸ ಎರಡನೆಯ ದರ್ಜೆಯ ವಿಜ್ಞಾನವೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಇನ್ನೂ ಇದೆ. ಈ ಭಾವನೆಯುಳ್ಳವರೂ ಪ್ರತಿದಿನ ಬಳಸುವ 'ಟಿ' ಪರೀಕ್ಷೆ ಹುಟ್ಟಿದ್ದು ಎಲ್ಲಿ? ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ. ಅಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ ಎಂಬಾತ ೧೯೦೮ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ ಅದರ ಮೂಲ ಲೇಖನವನ್ನು ಪ್ರಕಟಿಸಿದ. ಅದಕ್ಕೆ ಒಂದು ವರ್ಷ ಮುಂಚೆ ಅವನು ಬರೆದದ್ದು ಯೀಸ್ಟ್ ಕಣಗಳ ಎಣಿಕೆಯನ್ನು ಕುರಿತು. ಗೆರೆ ಕೊರೆದ ಗಾಜಿನ ಮೇಲೆ ದ್ರವದ ತೊಟ್ಟನ್ನಿಟ್ಟು ಎಣಿಸಿದಾಗ, ೧೦೦ ಕಣ ಸಿಕ್ಕರೆ ಸುಮಾರು ೧೦ರಷ್ಟು ಹೆಚ್ಚುಕಡಿಮೆ ಕೇವಲ ಆಕಸ್ಮಿಕದಿಂದ ಬರಬಹುದು. ೪೦೦ ಎಣಿಸಿದರೆ ೨೦ರಷ್ಟು. ಅಂದರೆ ನಾಲ್ಕು ಪಟ್ಟು ದುಡಿದರೆ ದೋಷವು ನೂರಕ್ಕೆ ೧೦ರಿಂದ ೫ಕ್ಕೆ ಇಳಿಯುತ್ತದೆ, ಅಷ್ಟೇ. ಕಾರ್ಖಾನೆಗೆ ಇದು ಹಣದ ಪ್ರಶ್ನೆ. ವಿಜ್ಞಾನಕ್ಕೆ ಸತ್ಯದ ಪ್ರಶ್ನೆ. ಲೆಕ್ಕ ಮಾತ್ರ ಒಂದೇ.

ನಮ್ಮ ಬೆಂಗಳೂರಿನಲ್ಲಿಯೂ ೧೯೭೮ರಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದ ಕಿರಣ್ ಮಜುಂದಾರ್ ಅವರು ಬಿಯರ್ ತಯಾರಿಕೆಯ ಶಾಸ್ತ್ರವನ್ನು ಆಸ್ಟ್ರೇಲಿಯದಲ್ಲಿ ಕಲಿತು ಬಂದವರು. ಪರಂಗಿಯ ಹಾಲಿನಿಂದ ತೆಗೆದ ಕಿಣ್ವ ಆ ಸಂಸ್ಥೆಯ ಮೊದಮೊದಲ ಸರಕುಗಳಲ್ಲೊಂದು. ೨೦೦೦ದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೇ ಸೇರಿ ಜೀನುಗಳ ಅಂಕಿಅಂಶ ವಿಶ್ಲೇಷಿಸುವ ಸ್ಟ್ರಾಂಡ್ ಎಂಬ ಕಂಪನಿಯನ್ನು ಕಟ್ಟಿದರು. ಹೀಗಿದ್ದೂ, ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿ ಕಂಪನಿಯ ಕೆಲಸದ ಮಾತನ್ನು ತನ್ನ ಮಾರ್ಗದರ್ಶಕರೆದುರು ಆಡಲು ಹಿಂಜರಿಯುವುದನ್ನು ನಾನು ಕಂಡಿದ್ದೇನೆ. ಮನೆಯವರಿಗೆ ತಿಳಿಸದೆ ಮದುವೆ ಗೊತ್ತುಮಾಡಿಕೊಂಡವನ ಹಾಗೆ ಅವನ ನಡತೆ. ಅಧ್ಯಾಪಕ ಹುದ್ದೆಗಳು ಬೆರಳೆಣಿಕೆಯವು. ಪ್ರತಿ ಅಧ್ಯಾಪಕರೂ ತಮ್ಮ ಸೇವಾವಧಿಯಲ್ಲಿ ಹಲವಾರು ಡಾಕ್ಟರೇಟುಗಳಿಗೆ ಮಾರ್ಗದರ್ಶನ ಮಾಡುತ್ತಾರೆ. ಎಣಿಕೆಯನ್ನೇ ಕಲಿಸುವ ವಿಭಾಗ ಈ ಸರಳ ಎಣಿಕೆಯನ್ನು ವಿದ್ಯಾರ್ಥಿಯಿಂದ ಮುಚ್ಚಿಡುವುದು ನ್ಯಾಯವಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. 'ಉದ್ಯಮಕ್ಕೆ ಬೇಕಾದ ಸಾಧನಗಳನ್ನು ಕಲಿಸಿಬಿಡಿ, ಸಾಕು' ಎನ್ನುವವರ ತಪ್ಪು ಅದು. ಸಾಧನಗಳ ಆಯುಸ್ಸು ಅಲ್ಪ. ಮಾನವ ಜೀನ್‌ಸಂಕುಲದ ಯೋಜನೆ ೨೦೦೩ರಲ್ಲಿ ಮುಗಿದ ಕಾಲದಲ್ಲಿ ಈ ಕ್ಷೇತ್ರದವರೆಲ್ಲ 'ಪರ್ಲ್' ಎಂಬ ಕಂಪ್ಯೂಟರ್ ಭಾಷೆಯನ್ನು ಕಲಿಯುತ್ತಿದ್ದರು. ಅದರ ಜಾಗಕ್ಕೆ 'ಪೈಥಾನ್' ಬಂದಿದೆ. ಪ್ರೋಟೀನುಗಳ ಆಕೃತಿಯನ್ನು ಊಹಿಸುವ ಕೆಲಸದಲ್ಲಿ ೨೦೨೦ರಲ್ಲಿ 'ಆಲ್ಫಾಫೋಲ್ಡ್' ತೋರಿದ ಸಾಮರ್ಥ್ಯ ಅದುವರೆಗಿನ ಅನೇಕ ಕೌಶಲಗಳನ್ನು ಮೂಲೆಗೆ ಸರಿಸಿತು. ಅದನ್ನು ಕಟ್ಟಿದವರಿಗೆ ೨೦೨೪ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಆದರೆ ೧೯೬೩ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಹಾಕಿದ ನಕ್ಷೆ ಮೂಲೆಗೆ ಸರಿದಿಲ್ಲ. ಎರಡು ಪರಮಾಣುಗಳು ಒಂದನ್ನೊಂದು ಎಷ್ಟು ಸಮೀಪಿಸಬಹುದು, ಆದ್ದರಿಂದ ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಮಾತ್ರ ಬಾಗಬಹುದು ಎಂಬ ಸರಳ ವಿಚಾರದಿಂದ ಹೊರಟ ನಕ್ಷೆ ಅದು. ಪ್ರೋಟೀನಿನ ಹೊಸ ಆಕೃತಿ ಸರಿಯೋ ತಪ್ಪೋ ಎಂದು ನೋಡಲು ಇಂದಿಗೂ ಅದನ್ನೇ ತೆರೆಯುತ್ತಾರೆ. ಕಂಪನಿಯಲ್ಲಿ ಇಪ್ಪತ್ತು ವರ್ಷ ಬಾಳಬೇಕಾದವರಿಗೆ ಈ ಬಗೆಯ ವಿಚಾರಶಕ್ತಿ ಬುತ್ತಿಯಾಗಬಲ್ಲದು; ಸಾಧನದ ಹೆಸರುಗಳ ಪಟ್ಟಿ ಆಗಲಾರದು.

ಇಷ್ಟಕ್ಕೂ ಈ ಚರ್ಚೆ ಅಧ್ಯಾಪಕರ ನಡುವಿನ ವಿನೋದವಲ್ಲ. ಅದರ ಹಿಂದೆ ರೋಗಿಗಳಿದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೬ರಲ್ಲಿ ಒಂದು ಲೇಖನ ಪ್ರಕಟಿಸಿ, ಗೆಡ್ಡೆಯ ಜೀನುಗಳ ಚಟುವಟಿಕೆಯನ್ನು ನೋಡಿ ಯಾವ ಕ್ಯಾನ್ಸರ್ ರೋಗಿಗೆ ಯಾವ ಔಷಧ ಹಿಡಿಯುವುದೆಂದು ಮೊದಲೇ ಹೇಳಬಹುದೆಂದರು. ಹ್ಯೂಸ್ಟನ್ನಿನ ಸಂಖ್ಯಾಶಾಸ್ತ್ರಜ್ಞರಾದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಅದೇ ಅಂಕಿಗಳಿಂದ ಅದೇ ಫಲಿತಾಂಶ ತೆಗೆಯಲು ಕುಳಿತರು, ಬರಲಿಲ್ಲ. ಹುಡುಕಿದಾಗ, ಜೀನುಗಳ ಪಟ್ಟಿ ಒಂದು ಸಾಲಿನಷ್ಟು ಜರುಗಿಹೋಗಿತ್ತು. ಔಷಧಕ್ಕೆ ಬಗ್ಗುವ ಕೋಶ, ಬಗ್ಗದ ಕೋಶ ಎಂಬ ಗುರುತುಗಳೂ ಕೆಲವೆಡೆ ಅದಲುಬದಲಾಗಿದ್ದವು. ಅಷ್ಟರಲ್ಲಿ ಆ ವಿಧಾನವನ್ನು ನಂಬಿ ರೋಗಿಗಳ ಮೇಲಿನ ಪರೀಕ್ಷೆಗಳು ಆರಂಭವಾಗಿದ್ದವು. ೨೦೧೦ರಲ್ಲಿ ಅವು ನಿಂತವು, ೨೦೧೧ರಲ್ಲಿ ಲೇಖನವನ್ನು ಹಿಂದಕ್ಕೆ ಪಡೆಯಲಾಯಿತು. ಸಂಶೋಧನೆಯಲ್ಲಿ ಸುಳ್ಳು ಅಂಕಿಗಳು ಸೇರಿದ್ದವೆಂದು ೨೦೧೫ರಲ್ಲಿ ಸರ್ಕಾರದ ತನಿಖೆ ಹೇಳಿತು. ಅದೇ ಪ್ರಯೋಗಾಲಯದ ಒಬ್ಬ ವೈದ್ಯವಿದ್ಯಾರ್ಥಿ ೨೦೦೮ರಲ್ಲಿಯೇ ಈ ಲೆಕ್ಕ ನಂಬತಕ್ಕದ್ದಲ್ಲವೆಂದು ಬರೆದು ಕೊಟ್ಟಿದ್ದ. ಅವನ ಮಾತಿಗೆ ಆಗ ಬೆಲೆ ಸಿಗಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ನನಗೆ ತೋಚಿದ ನಾಲ್ಕು ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಪ್ರತಿಯೊಬ್ಬರೂ ಇನ್ನೊಬ್ಬರ ಅಡುಗೆಮನೆಗೆ ಹೋಗಬೇಕು. ಗಣಿತದಿಂದ ಬಂದವನು ಒಂದು ಅವಧಿಯುದ್ದಕ್ಕೂ ಜೀವಕೋಶಗಳನ್ನು ತಾನೇ ಸಾಕಿ, ತಾನೇ ಎಣಿಸಿ, ಅವು ಸತ್ತಾಗ ಮತ್ತೆ ಆರಂಭಿಸಲಿ. ಜೀವವಿಜ್ಞಾನದಿಂದ ಬಂದವಳು ಸಿದ್ಧ ಸಾಧನವನ್ನು ಬಳಸುವ ಮೊದಲು ಅದರ ಒಳಗಿನ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಲಿ.

ಎರಡನೆಯದಾಗಿ, ತನ್ನ ಸ್ವಂತ ಸಂಶೋಧನೆಗೆ ತೊಡಗುವ ಮುನ್ನ, ಪ್ರಕಟವಾದ ಒಂದು ಲೇಖನದ ಮೂಲ ಅಂಕಿಗಳನ್ನು ತರಿಸಿಕೊಂಡು ಅದರ ಫಲಿತಾಂಶವನ್ನು ವಿದ್ಯಾರ್ಥಿ ಮತ್ತೆ ತೆಗೆದು ತೋರಿಸಲಿ. ಬ್ಯಾಗರ್ಲಿಯವರು ಮಾಡಿದ್ದು ಇದನ್ನೇ. ಕಂಪನಿಗೆ ಹೋದರೂ ಬೇರೆಯವರ ಅಂಕಿಗಳನ್ನು ಪರೀಕ್ಷಿಸುವುದು ತಪ್ಪದ ಕೆಲಸ.

ಮೂರನೆಯದಾಗಿ, ಸಂಶೋಧನೆಯ ಅವಧಿಯೊಳಗೇ ಮೂರು ತಿಂಗಳು ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಕೃಷಿ ಸಂಶೋಧನಾ ಕೇಂದ್ರದಲ್ಲೋ ಕಳೆಯುವ ಅವಕಾಶವಿರಲಿ. ಅದನ್ನು ರಜೆಯೆಂದು ಎಣಿಸದಿರಲಿ. ಕಳೆದ ಹತ್ತು ವರ್ಷಗಳಲ್ಲಿ ತನ್ನ ವಿದ್ಯಾರ್ಥಿಗಳು ಎಲ್ಲೆಲ್ಲಿಗೆ ಹೋದರೆಂಬ ಪಟ್ಟಿಯನ್ನು ಪ್ರತಿ ವಿಭಾಗವೂ ಪ್ರಕಟಿಸಲಿ. ಸೇರಲು ಬರುವವರು ಅದನ್ನು ನೋಡಿ ಬರಲಿ.

ನಾಲ್ಕನೆಯದಾಗಿ, ಭಾಷೆ. ಈ ಶಾಸ್ತ್ರದವರು ಜೀವನವೆಲ್ಲ ಬೇರೆ ಶಾಸ್ತ್ರದವರೊಡನೆ ಮಾತಾಡಬೇಕಾದವರು. ತನ್ನ ಕೆಲಸವನ್ನು ಒಬ್ಬ ವೈದ್ಯರಿಗೆ ಅಥವಾ ಒಬ್ಬ ರೈತರಿಗೆ ಕನ್ನಡದಲ್ಲಿ ಅರ್ಧ ಗಂಟೆ ವಿವರಿಸಬಲ್ಲವನು ಅದನ್ನು ಅರ್ಥಮಾಡಿಕೊಂಡಿದ್ದಾನೆಂದು ನಂಬಬಹುದು. ಸೂತ್ರದ ಹಿಂದೆ ಅಡಗಿಕೊಳ್ಳಲು ಅಲ್ಲಿ ಎಡೆಯಿಲ್ಲ.

ಇದಕ್ಕೆಲ್ಲ ಕಾಲವೆಲ್ಲಿದೆ, ಕಲಿಸುವವರೆಲ್ಲಿದ್ದಾರೆ ಎಂದು ಕೇಳುವವರಿರಬಹುದು. ಪ್ರಶ್ನೆ ನ್ಯಾಯವಾದದ್ದೇ. ಪಠ್ಯಪಟ್ಟಿಗೆ ಇವನ್ನು ಸೇರಿಸುವಾಗ ಏನನ್ನಾದರೂ ತೆಗೆಯಲೇಬೇಕು. ಸಾಧನಗಳನ್ನು ಕುರಿತ ತರಗತಿಗಳನ್ನು ಅರ್ಧಕ್ಕೆ ಇಳಿಸಬಹುದೆಂದು ನನಗೆ ತೋರುತ್ತದೆ, ಏಕೆಂದರೆ ಅವನ್ನು ಅಗತ್ಯ ಬಿದ್ದಾಗ ವಿದ್ಯಾರ್ಥಿಗಳು ತಾವೇ ಕಲಿತುಕೊಳ್ಳಬಲ್ಲರು. ಕಲಿಸುವವರಿಗೆ ಎರಡು ವಿದ್ಯೆಗಳೂ ಗೊತ್ತಿರಬೇಕಾಗಿಲ್ಲ. ಲೂರಿಯಾ ಮತ್ತು ಡೆಲ್‌ಬ್ರುಕ್ ಇಬ್ಬರಾಗಿಯೇ ಆ ಕೆಲಸ ಮಾಡಿದರು. ಗಣಿತದ ಅಧ್ಯಾಪಕರೂ ಜೀವವಿಜ್ಞಾನದ ಅಧ್ಯಾಪಕರೂ ಒಂದೇ ತರಗತಿಯಲ್ಲಿ ನಿಂತು, ವಿದ್ಯಾರ್ಥಿಗಳೆದುರು ಒಬ್ಬರನ್ನೊಬ್ಬರು ಪ್ರಶ್ನಿಸುವಷ್ಟು ಸ್ನೇಹವಿದ್ದರೆ ಸಾಕು. ಎಲ್ಲವನ್ನೂ ಒಮ್ಮೆಗೇ ಮಾಡಲಾಗದ ವಿಭಾಗ ಎರಡನೆಯ ಮಾತನ್ನಾದರೂ ಈ ವರ್ಷವೇ ಜಾರಿಗೆ ತರಲಿ. ಅದಕ್ಕೆ ಹೊಸ ಕಟ್ಟಡ ಬೇಡ, ಹೆಚ್ಚಿನ ಹಣವೂ ಬೇಡ. ಬೇಕಾದುದು ಇಷ್ಟೇ: 'ಈ ಸಾಲು ಜರುಗಿದೆ' ಎಂದು ವಿದ್ಯಾರ್ಥಿನಿಯೊಬ್ಬಳು ಎದ್ದು ಹೇಳಿದಾಗ, ಅಧ್ಯಾಪಕರು ಪುಸ್ತಕ ತೆರೆದು ಅವಳೊಡನೆ ಕುಳಿತು ಮತ್ತೊಮ್ಮೆ ಎಣಿಸುವ ತಾಳ್ಮೆ.