ವಚನದ ಕಡತ ಹಿರಿಯರಿಗೂ ಓದಲು ಬರಲಿ

ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಕಲಿಯುತ್ತಿರುವವರೇ, ಇಲ್ಲಿಂದ ಬೆಂಗಳೂರು, ಪುಣೆಗೆ ಹೋಗಿ ಕೋಡ್ ಬರೆಯುತ್ತಿರುವವರೇ, ನಿಮ್ಮಲ್ಲಿ ಒಂದು ಮನವಿ.

ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರೆಂದು ನಾವೆಲ್ಲ ನಂಬಿರುವ ಇಂಗಳೇಶ್ವರದಲ್ಲಿ ವಚನ ಶಿಲಾಮಂಟಪವಿದೆ. ಕನ್ನಡ ಓದಬಲ್ಲ ಯಾರೇ ಆಗಲಿ ಆ ಕಲ್ಲುಗಳ ಮುಂದೆ ನಿಂತು ವಚನ ಓದಬಹುದು, ತಪ್ಪು ಕಂಡರೆ ಬೆರಳಿಟ್ಟು ತೋರಿಸಬಹುದು. ಪ್ರಾಜೆಕ್ಟಿಗೋ ಆ್ಯಪಿಗೋ ವಚನಗಳನ್ನು ಜೇಸನ್ ಕಡತಕ್ಕೆ ಇಳಿಸುವಾಗ ನೀವೂ ಅಷ್ಟು ಅನುಕೂಲ ಉಳಿಸಿಕೊಡಿ.

ಈಗ ಆಗುತ್ತಿರುವುದು ಬೇರೆ. ಪೈಥಾನ್‌ಗೆ ಕನ್ನಡ ಕೊಟ್ಟು ಏನೂ ಹೇಳದೆ ಬಿಟ್ಟರೆ ಅದರ ಜೇಸನ್ ಲೈಬ್ರರಿ ಪ್ರತಿ ಅಕ್ಷರವನ್ನೂ ಸಂಕೇತವಾಗಿ ಬದಲಿಸುತ್ತದೆ. ‘ಬಸವ’ ಎಂಬ ಮೂರಕ್ಷರ 18 ಚಿಹ್ನೆಗಳ ಸರಪಳಿಯಾಗುತ್ತದೆ. ಸಾಲದ್ದಕ್ಕೆ ಇಡೀ ಕಡತ ಒಂದೇ ಸಾಲು. ಯಂತ್ರಕ್ಕೇನೂ ತೊಂದರೆಯಿಲ್ಲ, ಸರಿ. ಆದರೆ ಯಂತ್ರಕ್ಕೆ ಪಾಠ ತಿದ್ದಲು ಬರುವುದಿಲ್ಲವಲ್ಲ!

ಮದ್ದು ಸಣ್ಣದು. ಪೈಥಾನ್‌ನಲ್ಲಿ ಎನ್‌ಶೂರ್ ಆಸ್ಕಿಯನ್ನು ಫಾಲ್ಸ್ ಮಾಡಿ, ಇಂಡೆಂಟ್ 2 ಕೊಡಿ, ಕಡತ ತೆರೆಯುವಾಗ ಯುಟಿಎಫ್-8 ಎಂದು ಬರೆಯಿರಿ. ಪಿಎಚ್‌ಪಿಯಲ್ಲಿ ಪ್ರೆಟಿ ಪ್ರಿಂಟ್, ಅನ್‌ಎಸ್ಕೇಪ್ಡ್ ಯೂನಿಕೋಡ್ ಎರಡೂ ಬೇಕು. ಜಾವಾಸ್ಕ್ರಿಪ್ಟ್ ಕನ್ನಡವನ್ನು ಮುಟ್ಟುವುದಿಲ್ಲ. ಸ್ಟ್ರಿಂಗಿಫೈಗೆ ಮೂರನೆಯ ಆರ್ಗ್ಯುಮೆಂಟಾಗಿ 2 ಕೊಟ್ಟರೆ ಸಾಲು ಬಿಡಿಸಿಕೊಡುತ್ತದೆ. ಮೊಬೈಲಿಗೆ ಹೋಗುವ ಪ್ರತಿ ಚಿಕ್ಕದಿರಬೇಕೆಂದರೆ ಅದನ್ನು ಮಾತ್ರ ಒತ್ತಿ ಕಳಿಸಿ, ಮೂಲಪ್ರತಿ ಬಿಡಿಸಿಟ್ಟದ್ದೇ ಇರಲಿ.

ಇನ್ನೊಂದು ಮಾತು. ಎಷ್ಟೇ ಇಂಡೆಂಟ್ ಕೊಟ್ಟರೂ ಸ್ಟ್ರಿಂಗಿನ ಒಳಗೆ ಜೇಸನ್ ಸಾಲು ಮುರಿಯುವುದಿಲ್ಲ. ಹಾಗಾಗಿ ವಚನವನ್ನು ಒಂದೇ ಸ್ಟ್ರಿಂಗಿಗೆ ತುರುಕಬೇಡಿ; ಸಾಲಿಗೊಂದರಂತೆ ಅರೇಯಲ್ಲಿ ಇಡಿ. ವಚನಕಾರ, ಅಂಕಿತ, ಯಾವ ಪ್ರತಿಯಿಂದ ತೆಗೆದುಕೊಂಡದ್ದು ಎಂಬುದು ಬೇರೆ ಬೇರೆ ಇರಲಿ. ತಾಳೆಗರಿಯಲ್ಲಿ ವಚನಗಳು ಎಡೆಬಿಡದೆ ಹರಿದಿದ್ದವು, ಪದ ಬಿಡಿಸಿ ಸಾಲು ಮಾಡಿಕೊಟ್ಟವರು ಸಂಪಾದಕರು. ನಮ್ಮದೇ ವಿಜಯಪುರದಲ್ಲಿ ಕುಳಿತು ಫ.ಗು. ಹಳಕಟ್ಟಿಯವರು ಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಕಟ್ಟಿದರು. ಅಂಥವರು ಬಿಡಿಸಿದ್ದನ್ನು ನಾವು ಮತ್ತೆ ಗಂಟು ಹಾಕುವುದೇಕೆ?

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಡಿಟಿಪಿ ಆದ ಪಠ್ಯ ಸಿಕ್ಕರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಒತ್ತಕ್ಷರ, ಅರ್ಕಾವತ್ತು ಅಲ್ಲೇ ಹೆಚ್ಚು ಕೆಡುವುದು.

ಆಮೇಲೆ ಕಡತವನ್ನು ಪ್ರಿಂಟ್ ತೆಗೆದು, ವಚನ ಬಾಯಿಪಾಠವಿರುವ ನಿಮ್ಮೂರಿನ ಹಿರಿಯರ ಕೈಗೆ ಒಂದು ಪೆನ್ಸಿಲ್ ಸಮೇತ ಕೊಡಿ. ಆವರಣ ಚಿಹ್ನೆಗಳನ್ನು ನೋಡಿ ನಕ್ಕಾರು, ನಗಲಿ. ಅವರ ತಿದ್ದುಪಡಿ ಕಡತಕ್ಕೆ ಇಳಿದ ಮೇಲಷ್ಟೇ ಬಿಡುಗಡೆ ಮಾಡಿ. ಈ ಸೆಮಿಸ್ಟರಿನ ಪ್ರಾಜೆಕ್ಟಿನಿಂದಲೇ ಶುರುವಾಗಲಿ. ಅಲ್ಲಮನ ಬೆಡಗಿನ ವಚನಗಳಿಗೆ ಮಾತ್ರ ಮೊದಲೇ ಕೈಹಾಕಬೇಡಿ; ಅಲ್ಲಿ ತಿದ್ದುವವರೂ ತಬ್ಬಿಬ್ಬಾಗುತ್ತಾರೆ.