ಚರಂಡಿ ಕೆಸರಿಗೆ ಕರೆಂಟ್ ಕೊಟ್ಟರೆ ಗ್ಯಾಸ್ ಹೆಚ್ಚು ಬರುತ್ತದೆಯೇ?

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ಚರಂಡಿ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಆ ನೀರಿನ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ನೀರು ತಿಳಿಯಾದ ಮೇಲೆ ಘಟಕದಲ್ಲಿ ಉಳಿಯುವ ಕೆಸರಿನ ಬಗ್ಗೆ ಮಾತು ಕಡಿಮೆ. ಸ್ಲಡ್ಜ್ ಎನ್ನುವ ಈ ಕೆಸರನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿ ಅನಿಲ ಪಡೆಯಬಹುದು. ತೊಟ್ಟಿಗೆ ಬಿಡುವ ಮೊದಲು ಅದರಲ್ಲಿ ವಿದ್ಯುತ್ ಹಾಯಿಸಿದರೆ ಇನ್ನಷ್ಟು ಅನಿಲ ಸಿಗುತ್ತದೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ಹಾಗಾದರೆ ಎಲ್ಲ ಕಡೆ ಇದನ್ನು ಏಕೆ ಮಾಡುತ್ತಿಲ್ಲ?

ಕೆಸರು ಬೇಗ ಏಕೆ ಕೊಳೆಯುವುದಿಲ್ಲ?

ವಿಜಯಪುರ ಜಿಲ್ಲೆಯ ಬಿಜ್ಜರಗಿಯಂಥ ಊರಿನಲ್ಲಿ ದನ ಕಟ್ಟಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಮ್ಮೆಗೆ ಇಡೀ ಜೋಳ ಹಾಕಿದರೆ ಕೆಲವು ಕಾಳು ಹಾಗೆಯೇ ಸೆಗಣಿಯಲ್ಲಿ ಬರುತ್ತವೆ. ಒಡೆದು ಹಾಕಿದರೆ ಮೈಗೆ ಹತ್ತುತ್ತದೆ. ಈ ಕೆಸರಿನ ಬಹುಪಾಲು, ನೀರು ಶುದ್ಧ ಮಾಡಿದ ಬ್ಯಾಕ್ಟೀರಿಯಾಗಳೇ. ಅವುಗಳ ಗಟ್ಟಿ ಕೋಶಭಿತ್ತಿ ಮತ್ತು ಸುತ್ತಲಿನ ಅಂಟು ಪದಾರ್ಥ ಜೋಳದ ಸಿಪ್ಪೆಯಂತೆ ಒಳಗಿನ ಆಹಾರವನ್ನು ಮುಚ್ಚಿಡುತ್ತವೆ. ಹೀಗಾಗಿ ಕೆಸರು ಸಾಮಾನ್ಯವಾಗಿ 20–30 ದಿನ ತೊಟ್ಟಿಯಲ್ಲೇ ಇರಬೇಕಾಗುತ್ತದೆ. ಆಗಲೂ ಅರ್ಧದಷ್ಟು ಕೊಳೆಯದೆ ಉಳಿಯಬಹುದು.

ವಿದ್ಯುತ್ ಏನು ಮಾಡುತ್ತದೆ?

ಕೆಸರಿನಲ್ಲಿ ಎರಡು ಲೋಹದ ಫಲಕಗಳನ್ನಿಟ್ಟು ವಿದ್ಯುತ್ ಹಾಯಿಸುತ್ತಾರೆ. ಚರಂಡಿ ನೀರಿನ ಉಪ್ಪಿನಂಶದಿಂದ ಕ್ಲೋರಿನ್ ಹುಟ್ಟುತ್ತದೆ. ತೀಕ್ಷ್ಣವಾದ ಇತರ ರಾಸಾಯನಿಕಗಳೂ ಉಂಟಾಗುತ್ತವೆ. ಇವು ಕೋಶಭಿತ್ತಿಯನ್ನು ಒಡೆದು ಒಳಗಿನ ಸಾರವನ್ನು ಹೊರಬಿಡುತ್ತವೆ. ಅಂದರೆ ವಿದ್ಯುತ್ತು ಅನಿಲ ತಯಾರಿಸುವುದಿಲ್ಲ. ಜೋಳವನ್ನು ಒಡೆದುಕೊಡುತ್ತದೆ, ಅಷ್ಟೇ.

ಅತಿಯಾದರೆ ಕೆಲಸ ಕೆಡುತ್ತದೆ. ಉಳಿದ ಕ್ಲೋರಿನ್ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲಬಹುದು. ಹಾನಿಕರ ಕ್ಲೋರಿನ್ ಸಂಯುಕ್ತಗಳೂ ಹುಟ್ಟಬಹುದು.

ಲೆಕ್ಕ ಎಲ್ಲಿ ತಪ್ಪುತ್ತದೆ?

ನೀರು ಬಿಟ್ಟು 1 ಟನ್ ಒಣ ಅಂಶವಿರುವ ಕೆಸರಿನಿಂದ 150 ಘನ ಮೀಟರ್ ಮೀಥೇನ್ ಬಂತು ಎಂದುಕೊಳ್ಳಿ. 1 ಘನ ಮೀಟರ್ ಮೀಥೇನ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿಯಿದೆ. ಎಂಜಿನ್ ಅದರ ಮೂರರಲ್ಲಿ ಒಂದು ಭಾಗವನ್ನು ವಿದ್ಯುತ್ ಮಾಡಿದರೆ ಸಿಗುವುದು 500 ಯೂನಿಟ್. ಅನಿಲ ಶೇ. 20ರಷ್ಟು ಹೆಚ್ಚಿದರೆ ಲಾಭ 100 ಯೂನಿಟ್.

ಆದರೆ ಕೆಸರಿನಲ್ಲಿ ಒಣ ಅಂಶ ಶೇ. 2 ಮಾತ್ರ ಇದ್ದರೆ, 1 ಟನ್‌ಗಾಗಿ 50,000 ಲೀಟರ್ ಕೆಸರಿಗೆ ವಿದ್ಯುತ್ ಹಾಯಿಸಬೇಕು. ಅಂದರೆ 1,000 ಲೀಟರಿಗೆ 2 ಯೂನಿಟ್‌ಗಿಂತ ಹೆಚ್ಚು ಖರ್ಚಾದರೆ ವಿದ್ಯುತ್ತಿನ ಲೆಕ್ಕದಲ್ಲಿ ನಷ್ಟ. 1,000 ಲೀಟರ್ ನೀರನ್ನು 2 ಡಿಗ್ರಿ ಬಿಸಿ ಮಾಡಲು ಸಹ ಇದಕ್ಕಿಂತ ಹೆಚ್ಚು ಬೇಕು! ಕೆಸರನ್ನು ಮೊದಲು ಶೇ. 5ಕ್ಕೆ ಗಟ್ಟಿ ಮಾಡಿದರೆ ಮಿತಿ 5 ಯೂನಿಟ್‌ಗೆ ಏರುತ್ತದೆ. ಹಾಗಾಗಿ "ಅನಿಲ ಇಷ್ಟು ಹೆಚ್ಚಾಯಿತು" ಎಂಬ ಸುದ್ದಿ ಓದಿದಾಗ "ವಿದ್ಯುತ್ ಎಷ್ಟು ಹೋಯಿತು, ಕೆಸರು ಎಷ್ಟು ಗಟ್ಟಿಯಿತ್ತು" ಎಂದು ಕೇಳಬೇಕು. ಸಾಗಿಸಬೇಕಾದ ಕೆಸರು ಕಡಿಮೆಯಾಗುವುದು ಇನ್ನೊಂದು ಲಾಭ. ಫಲಕಗಳು ಸವೆಯುವುದು ಇನ್ನೊಂದು ಖರ್ಚು.

ಉಳಿದದ್ದು ಗೊಬ್ಬರವಾಗುತ್ತದೆಯೇ?

ಕೊಳೆತ ಕೆಸರಿನಲ್ಲಿ ಸಾರಜನಕ, ರಂಜಕ ಇರುವುದು ನಿಜ. ಆದರೆ ಕಾರ್ಖಾನೆ ನೀರು ಸೇರಿದ್ದರೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳೂ ಇರುತ್ತವೆ. ಕೊಳೆಸಿದರೆ ಅವು ನಾಶವಾಗುವುದಿಲ್ಲ. 35 ಡಿಗ್ರಿ ಶಾಖದಲ್ಲಿ ಜಂತುಹುಳುವಿನ ಮೊಟ್ಟೆಗಳೂ ಪೂರ್ತಿ ಸಾಯುವುದಿಲ್ಲ. ಪರೀಕ್ಷಿಸದ ಕೆಸರನ್ನು ಕಾಯಿಪಲ್ಲೆ ಹೊಲಕ್ಕೆ ಹಾಕಬಾರದು.

ಹಳ್ಳಿಗೆ ಇದು ಬೇಕೇ?

ಬೇಡ. ಈ ವಿಧಾನಕ್ಕೆ ದೊಡ್ಡ ಘಟಕ, ನುರಿತ ಸಿಬ್ಬಂದಿ ಬೇಕು. ಬಿಜ್ಜರಗಿಯಂಥ ಊರಿಗೆ ಎರಡು ಗುಂಡಿಯ ಶೌಚಾಲಯವೇ ಸಾಕು. ಒಂದು ಗುಂಡಿ ತುಂಬಿದ ಮೇಲೆ ಮುಚ್ಚಿ, ಇನ್ನೊಂದನ್ನು ಬಳಸುತ್ತ ಎರಡು ವರ್ಷ ಬಿಟ್ಟರೆ ಒಳಗಿನದು ಗೊಬ್ಬರವಾಗುತ್ತದೆ. ಅದಕ್ಕೆ ಒಂದು ಯೂನಿಟ್ ಕರೆಂಟೂ ಬೇಡ.