ಒಂದು ತೊಳೆ, ಎರಡು ನಾಲಿಗೆ

ಹಲಸು ಒಬ್ಬರೇ ತಿಂದು ಮುಗಿಸುವ ಹಣ್ಣಲ್ಲ. ಕೈಗೆ ಎಣ್ಣೆ ಸವರಿಕೊಂಡು ಕೊಯ್ಯಲು ಒಬ್ಬರು ಬೇಕು, ತೊಳೆ ಬಿಡಿಸಲು ಇನ್ನೊಬ್ಬರು, ತಿನ್ನಲು ನಾಲ್ಕು ಜನ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ತೋಟದ ಬದುವಿನಲ್ಲೋ ಹೊಲದ ಅಂಚಿನಲ್ಲೋ ಹಲಸಿನ ಮರಗಳು ಸಾಮಾನ್ಯ. ಹಣ್ಣು ಬಲಿತ ಕಾಲಕ್ಕೆ ನೆಂಟರು, ನೆರೆಯವರು, ಮಕ್ಕಳ ಗೆಳೆಯರು ಎಲ್ಲರೂ ಸೇರುತ್ತಾರೆ. ತಿನ್ನುವವರು ಬೇಕಾದಷ್ಟು ಜನ. ಆದರೆ ರುಚಿ ನೋಡುವವರು ಎಷ್ಟು ಜನ?

ಈ ಪ್ರಶ್ನೆ ಸಣ್ಣದಲ್ಲ. ಹಲಸಿನ ಗಂಡು ಹೂ ಮತ್ತು ಹೆಣ್ಣು ಹೂ ಒಂದೇ ಮರದಲ್ಲಿದ್ದರೂ ಬೇರೆ ಬೇರೆ ಗೊಂಚಲಿನಲ್ಲಿರುತ್ತವೆ. ಪರಾಗ ಬೇರೆ ಮರದಿಂದಲೂ ಬಂದು ಸೇರುತ್ತದೆ. ಹಾಗಾಗಿ ಬೀಜದಿಂದ ಹುಟ್ಟಿದ ಸಸಿ ತಾಯಿಮರದ ಹಣ್ಣನ್ನೇ ಕೊಡುತ್ತದೆಂಬ ಖಾತ್ರಿ ಇಲ್ಲ. ಬೀಜದಿಂದ ಬೆಳೆದ ಪ್ರತಿಯೊಂದು ಮರವೂ ಒಂದು ಹೊಸ ತಳಿಯೇ ಸರಿ. ಅಂಥ ಮರವನ್ನು ನಾಟಾಕ್ಕೆಂದು ಕಡಿದರೆ ಆ ರುಚಿಯೂ ಅಲ್ಲಿಗೇ ಮುಗಿಯಿತು. ಅದನ್ನು ಉಳಿಸಿಕೊಳ್ಳುವ ದಾರಿ ಕಸಿ ಕಟ್ಟುವುದು. ಆದರೆ ಯಾವ ಮರಕ್ಕೆ ಕಸಿ ಕಟ್ಟಬೇಕು ಎಂದು ಹೇಳಲು ಮೊದಲು ಯಾರಾದರೂ ಗಮನವಿಟ್ಟು ರುಚಿ ನೋಡಿರಬೇಕಲ್ಲ!

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ನಡೆದದ್ದು ಇದೇ. ಅಲ್ಲಿನ ರೈತ ಕುಟುಂಬವೊಂದರ ಜಮೀನಿನಲ್ಲಿದ್ದ ಒಂದೇ ಒಂದು ಮರದ ತೊಳೆಗಳು ತಾಮ್ರದ ಕೆಂಪು ಬಣ್ಣದವು. ಹಣ್ಣು ಸುಮಾರು ಎರಡೂವರೆ ಕಿಲೋ ಮಾತ್ರ, ಒಂದು ಸಂಸಾರಕ್ಕೆ ಹೇಳಿ ಮಾಡಿಸಿದ ಗಾತ್ರ. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿರುವ ತೋಟಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದನ್ನು ಪರೀಕ್ಷಿಸಿದರು. ಕೆಂಪು ಬಣ್ಣಕ್ಕೆ ಕಾರಣವಾದ ಲೈಕೋಪಿನ್ ಅಂಶ ಹೇರಳವಾಗಿರುವುದು ಕಂಡುಬಂತು. ಮರ ನೆಟ್ಟ ಹಿರಿಯರಾದ ಸಿದ್ದಪ್ಪನವರ ನೆನಪಿಗೆ ತಳಿಗೆ ‘ಸಿದ್ದು’ ಎಂದು ಹೆಸರಾಯಿತು. ಕಸಿ ಸಸಿ ಮಾರಿ ಬಂದ ಹಣದಲ್ಲಿ ರೈತನಿಗೂ ಪಾಲು ಸಿಗುವಂತೆ ಒಪ್ಪಂದವಾಯಿತು. ಮುಂದೆ ಅದೇ ತಾಲ್ಲೂಕಿನ ಇನ್ನೊಂದು ಕೆಂಪು ತೊಳೆಯ ಮರದಿಂದ ‘ಶಂಕರ’ ತಳಿಯೂ ಬಂತು.

ಹಾಗಾದರೆ ರುಚಿ ನೋಡುವುದನ್ನು ಕಲಿಯುವುದು ಹೇಗೆ? ಇದಕ್ಕೆ ಗೆಳೆತನದಷ್ಟು ಒಳ್ಳೆಯ ಶಾಲೆ ಇನ್ನೊಂದಿಲ್ಲ. ತುಮಕೂರಿನ ಕಾಲೇಜಿಗೆ ಗುಬ್ಬಿಯಿಂದ ರೈಲಿನಲ್ಲಿ ಬರುವ ಒಬ್ಬಳು, ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುವ ಇನ್ನೊಬ್ಬಳು ಗೆಳತಿಯರೆನ್ನೋಣ. ಇಬ್ಬರಿಗೂ ತಂತಮ್ಮ ಮನೆಯ ಮರದ ಹಣ್ಣೇ ಲೋಕದಲ್ಲೆಲ್ಲ ಶ್ರೇಷ್ಠ. ಮಾತಿನಲ್ಲಿ ಇದು ತೀರುವ ಜಗಳವಲ್ಲ. ಎರಡೂ ಮನೆಯ ತೊಳೆಗಳನ್ನು ಬಟ್ಟಲುಗಳಲ್ಲಿಟ್ಟು ಒಂದು, ಎರಡು ಎಂದು ಅಂಕಿ ಬರೆಯಲಿ. ಯಾವುದು ಯಾರದೆಂಬ ಗುಟ್ಟು ಅಮ್ಮನಿಗೆ ಮಾತ್ರ ಗೊತ್ತಿರಲಿ. ಇಬ್ಬರೂ ಕಣ್ಣು ಮುಚ್ಚಿ ತಿಂದು, ಒಬ್ಬರದನ್ನೊಬ್ಬರು ನೋಡದೆ ಬರೆಯಲಿ: ಸಿಹಿ ಎಷ್ಟು, ಘಮ ಯಾವುದರಂತೆ, ತೊಳೆ ಗರಿಗರಿಯೋ ಮೆತ್ತಗೋ, ನಾರು ಎಷ್ಟು. ಆಮೇಲೆ ಬಟ್ಟಲಿನ ಗುಟ್ಟು ಬಿಚ್ಚಲಿ. ‘ಎರಡನೆಯದು ಸಪ್ಪೆ ಕಣೇ’ ಎಂದು ತನ್ನದೇ ಮರದ ಹಣ್ಣಿಗೆ ತೀರ್ಪು ಕೊಟ್ಟವಳು ನಗಬಲ್ಲಳಾದರೆ ಆ ಸ್ನೇಹ ಗಟ್ಟಿ.

ಅಮೆರಿಕದ ಕೆಂಟಕಿಯಲ್ಲಿ ಬರ್ಬನ್ ಎಂಬ ಮೆಕ್ಕೆಜೋಳದ ವಿಸ್ಕಿಯ ಅಭಿಮಾನಿಗಳು ಮಾಡುವುದೂ ಹೀಗೆಯೇ. ಬಾಟಲಿಯ ಹೆಸರು ಮರೆಮಾಡುತ್ತಾರೆ, ಮೂಸುತ್ತಾರೆ, ಒಂದು ಗುಟುಕು ಸವಿದು ಬರೆದಿಡುತ್ತಾರೆ, ಮತ್ತೆ ವಾದ ಮಾಡುತ್ತಾರೆ. ಚಿಕ್ಕಮಗಳೂರು, ಕೊಡಗಿನ ಕಾಫಿಯ ಗುಣ ಅಳೆಯುವವರ ಪದ್ಧತಿಯೂ ಬೇರೆಯಲ್ಲ. ಆ ಮದ್ಯ ನಮ್ಮ ಮಕ್ಕಳಿಗೆ ಬೇಡ; ಆ ಶಿಸ್ತು ಮಾತ್ರ ಖಂಡಿತ ಬೇಕು.

ಇದರಲ್ಲಿ ವಿಜ್ಞಾನದ ಪಾಠವೂ ಉಂಟು. ಮೂಗು ಹಿಡಿದುಕೊಂಡು ತೊಳೆ ತಿಂದು ನೋಡಿ. ಸಿಹಿ ತಿಳಿಯುತ್ತದೆ, ಆದರೆ ಅದು ಹಲಸೆಂದು ಗೊತ್ತಾಗುವುದು ಕಷ್ಟ. ಮೂಗು ಬಿಟ್ಟ ಕೂಡಲೇ ಘಮ ಗಂಟಲ ಹಿಂಬದಿಯಿಂದ ಮೂಗಿಗೇರಿ ಹಣ್ಣು ‘ಹಲಸು’ ಆಗುತ್ತದೆ. ನಾಲಿಗೆಯ ತುದಿಗೆ ಸಿಹಿ, ಹಿಂಬದಿಗೆ ಕಹಿ ಎಂದು ಹಳೆಯ ಪುಸ್ತಕಗಳಲ್ಲಿದ್ದ ಚಿತ್ರ ಸರಿಯಲ್ಲ; ರುಚಿ ಮೊಗ್ಗುಗಳಿರುವ ಕಡೆಯಲ್ಲೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ. ಘಮಕ್ಕೆ ಸ್ಪಂದಿಸುವ ಶಕ್ತಿ ಮಾತ್ರ ಒಬ್ಬರಿಂದೊಬ್ಬರಿಗೆ ಬೇರೆ. ಆದ್ದರಿಂದಲೇ ಒಂದು ನಾಲಿಗೆಯ ಸಾಕ್ಷಿ ಸಾಲದು.

ಒಂದೇ ಹಣ್ಣು ನೋಡಿ ಮರಕ್ಕೆ ತೀರ್ಪು ಕೊಡುವುದೂ ತಪ್ಪು. ಮಳೆ ಹಿಡಿದ ಮೇಲೆ ಕಿತ್ತ ಹಣ್ಣು ಸಪ್ಪೆಯಾಗಬಹುದು, ಎಳೆಯದನ್ನು ಕಿತ್ತರೆ ಘಮವೇ ಬಾರದು. ಎರಡು ಮೂರು ವರ್ಷ, ಅದೇ ಗೆಳತಿಯ ಜೊತೆ, ಅದೇ ನೋಟ್‌ಬುಕ್ಕಿನಲ್ಲಿ ಬರೆದರೆ ಅದಕ್ಕೊಂದು ತೂಕ ಬರುತ್ತದೆ.

ತಂದೆತಾಯಂದಿರು ಮಾಡಬೇಕಾದದ್ದು ಹೆಚ್ಚೇನಿಲ್ಲ. ರಜೆಯಲ್ಲಿ ಮಗಳ ಗೆಳತಿಯನ್ನು ಮನೆಗೆ ಕರೆಯಿರಿ. ಊಟಕ್ಕೆ ಮುಂಚೆ ಹಣ್ಣು ಕೊಯ್ಯಿರಿ. ‘ಹಸಿದು ಹಲಸು, ಉಂಡು ಮಾವು’ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಹಿತ್ತಲಿನ ಮರ ಕಡಿಯುವ ಯೋಚನೆಯಿದ್ದರೆ, ವ್ಯಾಪಾರಿಯ ಕೈಗೆ ಕೊಡುವ ಮೊದಲು ಆ ನೋಟ್‌ಬುಕ್ಕನ್ನೊಮ್ಮೆ ತೆರೆದು ನೋಡಿ.